ಬ್ಯಾಟರಿ ಹೋಯ್ತಾ, ಡೈನಮೋ ಹೋಯ್ತಾ? ಮೀಟರ್ ಹಿಡಿದು ಪತ್ತೆ ಹಚ್ಚುವುದು

ಬೆಳಿಗ್ಗೆ ಕೀ ತಿರುಗಿಸಿದರೆ ಬರೀ 'ಟಕ್ ಟಕ್' ಸದ್ದು, ಎಂಜಿನ್ ತಿರುಗುವುದೇ ಇಲ್ಲ. ಹೆಚ್ಚಿನವರು ನೇರ ಬ್ಯಾಟರಿ ಅಂಗಡಿಗೆ ಫೋನ್ ಮಾಡುತ್ತಾರೆ. ಹೊಸ ಬ್ಯಾಟರಿ ಬರುತ್ತದೆ, ಸ್ವಲ್ಪ ದಿನ ಎಲ್ಲ ಚೆನ್ನಾಗಿರುತ್ತದೆ, ಆಮೇಲೆ ಮತ್ತೆ ಅದೇ ಗೋಳು. ಬ್ಯಾಟರಿ ಇಳಿದಿದೆ ಅನ್ನುವುದಷ್ಟೇ ಗೊತ್ತಾಗಿತ್ತು. ಯಾಕೆ ಇಳಿಯಿತು ಅಂತ ಯಾರೂ ಕೇಳಿರಲಿಲ್ಲ. ಐಟಿಐನಲ್ಲಿ ಎಂಎಂವಿ (ಮೆಕ್ಯಾನಿಕ್ ಮೋಟಾರ್ ವೆಹಿಕಲ್) ಟ್ರೇಡ್ ಓದುತ್ತಿರುವವರಿಗೆ ಪ್ರಾಕ್ಟಿಕಲ್‌ನಲ್ಲೂ ಶೆಡ್ಡಿನಲ್ಲೂ ಈ ಪ್ರಶ್ನೆ ಬಂದೇ ಬರುತ್ತದೆ.

ಕಾರಣ ಮೂರರಲ್ಲಿ ಒಂದು. ಬ್ಯಾಟರಿಗೆ ಚಾರ್ಜ್ ಹಿಡಿದಿಡುವ ಶಕ್ತಿ ಇಲ್ಲ. ಇಲ್ಲ, ಅದಕ್ಕೆ ಆಲ್ಟರ್ನೇಟರಿನಿಂದ (ಎಂಜಿನ್ ಓಡುವಾಗ ಕರೆಂಟ್ ಹುಟ್ಟಿಸುವ ಯಂತ್ರ, ಶೆಡ್ಡಿನಲ್ಲಿ ಇದನ್ನೇ ಡೈನಮೋ ಅನ್ನುತ್ತಾರೆ) ಸರಿಯಾಗಿ ಚಾರ್ಜ್ ಬರುತ್ತಿಲ್ಲ. ಅದೂ ಅಲ್ಲ ಅಂದರೆ ಗಾಡಿ ನಿಂತಿರುವಾಗ ಏನೋ ಕರೆಂಟ್ ಎಳೆಯುತ್ತಿದೆ. ಯಾವುದು ಅಂತ ತಿಳಿಯಲು ಒಂದು ಸಾಧಾರಣ ಮಲ್ಟಿಮೀಟರ್ ಸಾಕು.

ಮೊದಲು ನಿಂತ ಗಾಡಿಯಲ್ಲಿ ನೋಡಿ. ಈಗಷ್ಟೇ ಓಡಿಸಿ ನಿಲ್ಲಿಸಿದ್ದರೆ ರೀಡಿಂಗ್ ಸುಳ್ಳು ಹೇಳುತ್ತದೆ. ಕೆಲವು ಗಂಟೆ ಬಿಡಿ, ಇಲ್ಲವೇ ಹೆಡ್‌ಲೈಟ್ ಒಂದೆರಡು ನಿಮಿಷ ಹಾಕಿ, ಆರಿಸಿ, ಆಮೇಲೆ ಮೀಟರನ್ನು ಡಿಸಿ ವೋಲ್ಟಿಗಿಟ್ಟು ಬ್ಯಾಟರಿಯ ಎರಡು ಟರ್ಮಿನಲ್ ಮಧ್ಯೆ ಅಳೆಯಿರಿ. 12.6 ವೋಲ್ಟ್ ಇದ್ದರೆ ಫುಲ್. 12.4 ಅಂದರೆ ಮುಕ್ಕಾಲು, 12.2 ಅಂದರೆ ಅರ್ಧ, 12ಕ್ಕಿಂತ ಕಡಿಮೆ ಅಂದರೆ ಹೆಚ್ಚುಕಡಿಮೆ ಖಾಲಿ. ಇಡೀ ಆಟ ಅರ್ಧ ವೋಲ್ಟಿನ ಆಸುಪಾಸಿನಲ್ಲೇ ನಡೆಯುತ್ತದೆ, ಹಾಗಾಗಿ 'ಹನ್ನೆರಡು ಚಿಲ್ಲರೆ ಇದೆ, ಪರವಾಗಿಲ್ಲ' ಅನ್ನುವ ಮಾತಿಗೆ ಅರ್ಥವಿಲ್ಲ. ರಾತ್ರಿಯಿಡೀ ಚಾರ್ಜಿಗೆ ಹಾಕಿದರೂ 10.5ರ ಹತ್ತಿರ ಬಂದು ನಿಂತರೆ ಒಂದು ಸೆಲ್ ಶಾರ್ಟ್ ಆಗಿರಬೇಕು. ಆರು ಸೆಲ್, ಒಂದೊಂದಕ್ಕೆ 2.1 ವೋಲ್ಟ್, ಅದರಲ್ಲಿ ಒಂದು ಹೋದರೆ ಉಳಿಯುವುದು ಅಷ್ಟೇ. ಅದು ಸ್ಕ್ರ್ಯಾಪ್.

ಎರಡನೆಯದು ಸೆಲ್ಫ್ ಹೊಡೆಯುವಾಗ, ಅಂದರೆ ಸ್ಟಾರ್ಟರ್ ಮೋಟರ್ ಎಂಜಿನ್ ತಿರುಗಿಸುವಾಗ. ಮೀಟರ್ ಟರ್ಮಿನಲ್ ಮೇಲೇ ಇರಲಿ, ಗೆಳೆಯ ಕೀ ತಿರುಗಿಸಲಿ. 9.6ಕ್ಕಿಂತ ಕೆಳಗೆ ಬೀಳಬಾರದು. ನಿಂತಾಗ 12.6 ತೋರಿಸಿ ಸೆಲ್ಫ್ ಹೊಡೆದಾಗ 7ಕ್ಕೋ 8ಕ್ಕೋ ಜಾರಿದರೆ ಬ್ಯಾಟರಿಯ ಮೇಲೇ ಮೊದಲ ಅನುಮಾನ. ಜನವರಿಯ ಚಳಿ ಬೆಳಗಿನಲ್ಲಿ ಇಂಥ ಬ್ಯಾಟರಿಗಳ ಬಣ್ಣ ಬಯಲಾಗುತ್ತದೆ.

ಮೂರನೆಯದು ಎಂಜಿನ್ ಓಡುತ್ತಿರುವಾಗ. ಸಾಮಾನ್ಯವಾಗಿ 13.8ರಿಂದ 14.5 ಬರಬೇಕು. ಹೆಡ್‌ಲೈಟ್, ಎಸಿ ಬ್ಲೋವರ್ ಎಲ್ಲ ಹಾಕಿ, ಆಕ್ಸಿಲರೇಟರ್ ಸ್ವಲ್ಪ ಒತ್ತಿ ಹಿಡಿದಾಗಲೂ 13.5ರ ಮೇಲೆ ನಿಲ್ಲಬೇಕು. 12.4 ಇದ್ದದ್ದು ಇಳಿಯುತ್ತಲೇ ಹೋದರೆ ಚಾರ್ಜ್ ಆಗುತ್ತಿಲ್ಲ. 15 ದಾಟಿದರೆ ವೋಲ್ಟೇಜನ್ನು ಹತೋಟಿಯಲ್ಲಿಡುವ ರೆಗ್ಯುಲೇಟರ್ ಕೆಟ್ಟಿದೆ. ಕೊಳೆತ ಮೊಟ್ಟೆಯ ವಾಸನೆ, ಉಬ್ಬಿದ ಬ್ಯಾಟರಿ, ಪದೇಪದೇ ಹೋಗುವ ಬಲ್ಬ್, ಇವೆಲ್ಲ ಅದರ ಗುರುತು. ಒಂದು ಎಚ್ಚರಿಕೆ: ಹೊಸ ಗಾಡಿಗಳಲ್ಲಿ ಆಲ್ಟರ್ನೇಟರನ್ನು ಇಸಿಯು (ಎಂಜಿನ್ ನೋಡಿಕೊಳ್ಳುವ ಕಂಪ್ಯೂಟರ್) ನಡೆಸುತ್ತದೆ. ಬ್ಯಾಟರಿ ತುಂಬಿದ್ದರೆ ಪೆಟ್ರೋಲ್ ಉಳಿಸಲು ಅದೇ ವೋಲ್ಟೇಜ್ ಇಳಿಸುತ್ತದೆ. ಮೈನಸ್ ಟರ್ಮಿನಲ್ ಮೇಲೆ ಪುಟ್ಟ ಸೆನ್ಸರ್ ಕಂಡರೆ ಅವಸರ ಬೇಡ, ಲೋಡ್ ಹಾಕಿ ಮತ್ತೊಮ್ಮೆ ನೋಡಿ.

ಕಡಿಮೆ ಬಂತು ಅಂದಾಕ್ಷಣ ಆಲ್ಟರ್ನೇಟರ್ ಬಿಚ್ಚಬೇಡಿ. ಬೆಂಗಳೂರಿನ ಜೆ.ಸಿ. ರಸ್ತೆ ಪಕ್ಕದ ಗಲ್ಲಿಯ ಶೆಡ್ಡಿಗೆ ಒಬ್ಬ ಕ್ಯಾಬ್ ಡ್ರೈವರ್ ಬಂದಿದ್ದರು. "ಭಾಯ್, ಬ್ಯಾಟರಿ ಹೊಸದು. ಡೈನಮೋನೂ ಬಿಚ್ಚಿಸಿ ರೆಡಿ ಮಾಡ್ಸಿದೀನಿ. ಆದ್ರೂ ರಾತ್ರಿ ಲೈಟ್ ಮಂಕು, ಸೆಲ್ಫೂ ಎಳೀತಿಲ್ಲ." ಹೆಡ್‌ಲೈಟ್ ಹಾಕಿ ಅಳೆದಾಗ ಬ್ಯಾಟರಿಯ ಮೇಲೆ 12.9. ಆಲ್ಟರ್ನೇಟರಿನಿಂದ ಕರೆಂಟ್ ಹೊರಬರುವ ಬಿ ಪ್ಲಸ್ ಬೋಲ್ಟಿಗೂ ಅದರ ಬಾಡಿಗೂ ಮಧ್ಯೆ 14.3. ಅಂದರೆ ಕರೆಂಟ್ ಹುಟ್ಟುತ್ತಿದೆ, ತಲುಪುತ್ತಿಲ್ಲ. ಶೆಡ್ಡಿನ ಮೆಕ್ಯಾನಿಕ್ ಭಾಯ್ ಮೀಟರಿನ ಕೆಂಪು ಕಡ್ಡಿಯನ್ನು ಬಿ ಪ್ಲಸ್ ಮೇಲೆ, ಕಪ್ಪು ಕಡ್ಡಿಯನ್ನು ಬ್ಯಾಟರಿಯ ಪ್ಲಸ್ ಮೇಲೆ ಇಟ್ಟರು: 0.1. ಆ ವೈರ್ ಸರಿ ಇದೆ. ಆಮೇಲೆ ಆಲ್ಟರ್ನೇಟರ್ ಬಾಡಿಗೂ ಬ್ಯಾಟರಿಯ ಮೈನಸ್ಸಿಗೂ ಇಟ್ಟರು: 1.3! ಕಾಣೆಯಾದ 1.4 ವೋಲ್ಟಿನ ಲೆಕ್ಕ ಅಲ್ಲೇ ಸಿಕ್ಕಿತು. ಎಂಜಿನ್‌ನಿಂದ ಗಾಡಿಯ ಬಾಡಿಗೆ ಹೋಗುವ ಅರ್ತ್ ಪಟ್ಟಿಯ (ಕರೆಂಟ್ ಬ್ಯಾಟರಿಯ ಮೈನಸ್ಸಿಗೆ ವಾಪಸ್ ಹೋಗುವ ದಾರಿ) ಬೋಲ್ಟ್ ಬಿಚ್ಚಿದರೆ ಅಡಿಯಲ್ಲಿ ಹಸಿರು ಪುಡಿ ಕೂತಿತ್ತು. ಎಮರಿ ಪೇಪರ್ ಹಾಕಿ ತಿಕ್ಕಿ, ಬಿಗಿ ಮಾಡಿದ ಮೇಲೆ ಬ್ಯಾಟರಿಯಲ್ಲಿ 14.2 ಬಂತು. ಸೆಲ್ಫ್ ಮೋಟರಿಗೂ ಅರ್ತ್ ಸಿಗುವುದು ಅದೇ ಪಟ್ಟಿಯಿಂದ, ಅದಕ್ಕೇ ಅದೂ ಎಳೆಯುತ್ತಿರಲಿಲ್ಲ.

ಈ ವೋಲ್ಟೇಜ್ ಡ್ರಾಪ್ ಟೆಸ್ಟ್ ಚೆನ್ನಾಗಿ ರೂಢಿಯಾಗಲಿ. ಎರಡೂ ಕಡೆ 0.2ರ ಒಳಗಿದ್ದರೆ ಸರಿ. ಲೋಡ್ ಇಲ್ಲದೆ ಮಾಡಿದರೆ ಪ್ರಯೋಜನವಿಲ್ಲ, ಕರೆಂಟ್ ಹರಿಯದಿದ್ದರೆ ಡ್ರಾಪ್ ಕಾಣಿಸುವುದೇ ಇಲ್ಲ.

ವೈರ್ ಎಲ್ಲ ಸರಿ ಇದ್ದರೆ ಬೆಲ್ಟ್ ನೋಡಿ. ಮಳೆಯ ಬೆಳಿಗ್ಗೆ ಸ್ಟಾರ್ಟ್ ಮಾಡಿದೊಡನೆ ಕಿರ್‍ರ್ ಅಂದರೆ ಬೆಲ್ಟ್ ಜಾರುತ್ತಿದೆ. ಓಡುತ್ತಿರುವಾಗ ಬ್ಯಾಟರಿ ಲೈಟ್ ಹತ್ತಿ, ಜೊತೆಗೆ ಟೆಂಪರೇಚರ್ ಮುಳ್ಳೂ ಏರಿದರೆ ಬೆಲ್ಟ್ ಹರಿದಿರಬಹುದು. ಬಹಳ ಗಾಡಿಗಳಲ್ಲಿ ವಾಟರ್ ಪಂಪಿಗೂ ಅದೇ ಬೆಲ್ಟ್, ತಕ್ಷಣ ಬದಿಗೆ ನಿಲ್ಲಿಸಿ. ಕೀ ಆನ್ ಮಾಡಿದಾಗ ಬ್ಯಾಟರಿ ಲೈಟ್ ಹತ್ತುವುದೇ ಇಲ್ಲ ಅಂದರೂ ಅದು ದೋಷವೇ. ಹಳೆಯ ಗಾಡಿಗಳಲ್ಲಿ ಆಲ್ಟರ್ನೇಟರಿಗೆ ಮೊದಲ ಕರೆಂಟ್ ಸಿಗುವುದು ಆ ಬಲ್ಬಿನ ಮೂಲಕ.

ಆಲ್ಟರ್ನೇಟರಿನೊಳಗೆ ಎಸಿ ಕರೆಂಟನ್ನು ಡಿಸಿ ಮಾಡುವ ಡಯೋಡ್ ನೋಡಲು ಎಂಜಿನ್ ಓಡುತ್ತಿರುವಾಗ ಮೀಟರನ್ನು ಎಸಿ ವೋಲ್ಟಿಗೆ ತಿರುಗಿಸಿ ಬ್ಯಾಟರಿಯ ಮೇಲಿಡಿ. 0.5 ದಾಟಿದರೆ ಡಯೋಡ್ ಮೇಲೆ ಅನುಮಾನ. ಕೆಲವು ಅಗ್ಗದ ಮೀಟರ್‌ಗಳು ಎಸಿ ರೇಂಜಿನಲ್ಲಿ ಡಿಸಿಯನ್ನೂ ಸೇರಿಸಿ 30ರ ಆಸುಪಾಸು ತೋರಿಸಿ ಹೆದರಿಸುತ್ತವೆ. ಎಂಜಿನ್ ಆರಿಸಿದ ಮೇಲೂ ಅಷ್ಟೇ ತೋರಿಸಿದರೆ ತಪ್ಪು ಮೀಟರಿನದು.

ಕೆಲವು ಹಳೆ ಕೈಗಳು ಎಂಜಿನ್ ಓಡುವಾಗಲೇ ಬ್ಯಾಟರಿ ಟರ್ಮಿನಲ್ ಕಿತ್ತು 'ಆಫ್ ಆಗ್ಲಿಲ್ಲ ಅಂದ್ರೆ ಡೈನಮೋ ಸರಿ' ಅನ್ನುತ್ತಾರೆ. ದಯವಿಟ್ಟು ಮಾಡಬೇಡಿ. ಆ ಕ್ಷಣಕ್ಕೆ ವೋಲ್ಟೇಜ್ ಎಷ್ಟೋ ಪಟ್ಟು ಜಿಗಿದು ಇಸಿಯು ಸುಡಬಹುದು.

ಈಗ ನಿಂತ ಗಾಡಿಯ ಕಥೆ. ನಮ್ಮ ಊರಿನಲ್ಲಿ ಇದು ಜಾಸ್ತಿ, ಅಲ್ವಾ? ವಾರವಿಡೀ ಮೆಟ್ರೋದಲ್ಲಿ ಓಡಾಟ, ಕಾರು ಬೇಸ್‌ಮೆಂಟಿನಲ್ಲಿ. 'ಸ್ಟಾರ್ಟ್ ಮಾಡಿ ಮಾಡಿ ಬ್ಯಾಟರಿ ಹೋಯ್ತು' ಅನ್ನುತ್ತಾರೆ, ಆದರೆ ಲೆಕ್ಕ ಬೇರೆ ಹೇಳುತ್ತದೆ. ಸೆಲ್ಫ್ 150 ಆಂಪಿಯರ್ ಎಳೆದರೂ ಎರಡು ಸೆಕೆಂಡಿಗೆ ಆಗುವ ಖರ್ಚು 0.08 ಆಂಪಿಯರ್ ಅವರ್ ಅಷ್ಟೇ. ಅಲಾರಂ, ಗಡಿಯಾರ, ಇಸಿಯು ಸೇರಿ 30 ಮಿಲಿ ಆಂಪಿಯರ್ ಎಳೆದರೆ ದಿನಕ್ಕೆ 0.72. ಸುಮ್ನೆ ನಿಂತ ಒಂದು ದಿನ ಒಂಬತ್ತು ಸಲ ಸ್ಟಾರ್ಟ್ ಮಾಡಿದಷ್ಟು ತಿನ್ನುತ್ತದೆ. ತಪ್ಪಾಗಿ ಜೋಡಿಸಿದ ಡ್ಯಾಶ್‌ಕ್ಯಾಮೋ ಮ್ಯೂಸಿಕ್ ಸಿಸ್ಟಮ್ಮೋ 200 ಮಿಲಿ ಆಂಪಿಯರ್ ಎಳೆದರೆ ಐದು ದಿನಕ್ಕೆ 24 ಆಂಪಿಯರ್ ಅವರ್. 35ರ ಬ್ಯಾಟರಿಯಲ್ಲಿ ಇನ್ನೇನು ಉಳಿಯುತ್ತದೆ?

ಪತ್ತೆಗೆ ಮೈನಸ್ ಕೇಬಲ್ ಬಿಚ್ಚಿ, ಕೇಬಲ್ಲಿಗೂ ಟರ್ಮಿನಲ್ಲಿಗೂ ಮಧ್ಯೆ ಮೀಟರನ್ನು 10 ಆಂಪಿಯರ್ ರೇಂಜಿನಲ್ಲಿ ಸೀರೀಸ್ ಆಗಿ ಹಾಕಿ. ಹಾಗೆ ಇರುವಾಗ ಸೆಲ್ಫ್ ಹೊಡೆಯಬೇಡಿ, ಮೀಟರಿನ ಫ್ಯೂಸ್ ಹೋಗುತ್ತದೆ. ಡೋರ್ ಮುಚ್ಚಿ, ಲಾಕ್ ಮಾಡಿ, ಅರ್ಧ ಗಂಟೆಯಾದರೂ ಕಾಯಿರಿ. ಕಂಪ್ಯೂಟರ್‌ಗಳು ಮಲಗುವವರೆಗೆ ಜಾಸ್ತಿಯೇ ತೋರಿಸುತ್ತದೆ. ಆಮೇಲೂ 50 ಮಿಲಿ ಆಂಪಿಯರ್ ಮೀರಿದರೆ ಹುಡುಕಬೇಕು. ಫ್ಯೂಸ್ ಕೀಳುತ್ತ ಹೋದರೆ ಮಲಗಿದ ಯೂನಿಟ್‌ಗಳು ಮತ್ತೆ ಏಳಬಹುದು. ಅದರ ಬದಲು ಮೀಟರನ್ನು ಮಿಲಿವೋಲ್ಟಿಗೆ ಇಟ್ಟು ಪ್ರತಿ ಫ್ಯೂಸಿನ ತಲೆಯ ಮೇಲಿನ ಎರಡು ಚುಕ್ಕೆಗಳನ್ನು ಮುಟ್ಟಿ. ಸೊನ್ನೆ ಬಂದರೆ ಅಲ್ಲಿ ಕರೆಂಟ್ ಇಲ್ಲ. ಸಣ್ಣ ಅಂಕಿ ಬಂದ ಫ್ಯೂಸಿನ ಲೈನ್ ಹಿಡಿದು ಹೋಗಿ. ಆಲ್ಟರ್ನೇಟರಿನ ಡಯೋಡ್ ಸೋರುತ್ತಿದ್ದರೆ ಮಾತ್ರ ಇಲ್ಲಿ ಕಾಣದೆ ಹೋಗಬಹುದು. ಬಿ ಪ್ಲಸ್ ವೈರ್ ಬಿಚ್ಚಿದಾಗ ಎಳೆತ ನಿಂತರೆ ಅದೇ.

ಪೂರ್ತಿ ಇಳಿದ ಬ್ಯಾಟರಿಯನ್ನು ಇನ್ನೊಂದು ಬ್ಯಾಟರಿಯಿಂದ ಕೇಬಲ್ ಕೊಟ್ಟು ಜಂಪ್ ಮಾಡಿ, ಸಿಲ್ಕ್ ಬೋರ್ಡ್ ಟ್ರಾಫಿಕ್ಕಿನಲ್ಲಿ ಚಾರ್ಜ್ ಆಗಲಿ ಅಂತ ಬಿಡಬೇಡಿ. ಐಡಲ್‌ನಲ್ಲಿ ಆಲ್ಟರ್ನೇಟರ್ ಪೂರ್ತಿ ಕರೆಂಟ್ ಕೊಡುವುದಿಲ್ಲ, ಕೊಡುವುದರಲ್ಲಿ ಹೆಡ್‌ಲೈಟಿಗೇ 8 ಆಂಪಿಯರ್ ಹೋಗುತ್ತದೆ, ಮೇಲೆ ಎಸಿ ಫ್ಯಾನ್. ಚಾರ್ಜರಿಗೆ ರಾತ್ರಿಯಿಡೀ ಹಾಕಿ, ಬೆಳಿಗ್ಗೆ ಸ್ವಲ್ಪ ಹೊತ್ತು ಬಿಟ್ಟು 12.6 ಇದೆಯಾ ನೋಡಿ, ಆಮೇಲೆ ಮೂರೂ ಟೆಸ್ಟ್ ಮೊದಲಿನಿಂದ ಮಾಡಿ. ಅರೆಹೊಟ್ಟೆ ಬ್ಯಾಟರಿಯ ಮೇಲೆ ಮಾಡಿದ ಕ್ರ್ಯಾಂಕಿಂಗ್ (ಸೆಲ್ಫ್ ಹೊಡೆಯುವ) ಟೆಸ್ಟನ್ನು ನಂಬುವಂತಿಲ್ಲ.