ಹೈಟಿಯ ವೋಡೂ: ಸಂತರ ಚಿತ್ರದಲ್ಲಿ ಲ್ವಾ ಯಾರು?

ಹೈಟಿಯ ಪಾಠದಲ್ಲಿ ನಾನು ಸಿಕ್ಕಿಬಿದ್ದ ಜಾಗ ಇದು. ಬಿಡಿಸಿಕೊಂಡ ದಾರಿ ಮರೆಯುವ ಮೊದಲೇ ಬರೆದಿಡುತ್ತಿದ್ದೇನೆ.

ವೋಡೂ ಎಂದರೆ ಕೆರಿಬಿಯನ್ ದೇಶ ಹೈಟಿಯ ಜನರ ಧರ್ಮ, ಫ್ರೆಂಚರು ಆಫ್ರಿಕಾದಿಂದ ತಂದ ಗುಲಾಮರಲ್ಲಿ ಬೆಳೆದದ್ದು. ಅದರಲ್ಲಿ ದೇವರು ಒಬ್ಬನೇ, ಬೊಂದ್ಯೆ. ಅವನು ಬಹಳ ದೂರ. ಜನರ ಕಷ್ಟಸುಖಕ್ಕೆ ಆಗುವವರು ಲ್ವಾಗಳು. ಲ್ವಾ ಎಂದರೆ ದೇವರು ಅಂತ ಬರೆದುಕೊಂಡಿದ್ದರೆ ಹೊಡೆದುಹಾಕಿ, ನಾನೂ ಹಾಗೇ ಬರೆದಿದ್ದೆ. ಕರಾವಳಿಯವರು ದೇವರು ಬೇರೆ, ದೈವ ಬೇರೆ ಅನ್ನುತ್ತಾರಲ್ವಾ, ಲ್ವಾಗೆ ದೈವ ಅನ್ನುವ ಪದವೇ ಹತ್ತಿರ. ಲ್ವಾ ಮೈಮೇಲೆ ಬರುವುದೂ ಉಂಟು. ಮೈದುಂಬಿದವರನ್ನು ಆ ಲ್ವಾದ ಕುದುರೆ ಎಂದು ಕರೆಯುತ್ತಾರೆ. ಪೂಜೆ ನಡೆಸುವ ಗಂಡಸು ಊಂಗಾನ್, ಹೆಂಗಸು ಮಾಂಬೊ.

ಇನ್ನು ಚಿತ್ರಗಳು. ವೋಡೂ ಗುಡಿಯ ಗೋಡೆಯಲ್ಲಿ ಕ್ಯಾಥೊಲಿಕ್ ಸಂತರಿರುತ್ತಾರೆ. ಸಂತ ಪ್ಯಾಟ್ರಿಕ್ ಎಂದರೆ ಅಲ್ಲಿ ದಾನ್‌ಬಾಲಾ, ಹಾವಿನ ಲ್ವಾ. ಆದರೆ ಪ್ಯಾಟ್ರಿಕ್ ಐರ್ಲೆಂಡಿನಿಂದ ಹಾವುಗಳನ್ನು ಓಡಿಸಿದವನು ಅಂತ ಕಥೆ. ಹಾವು ಓಡಿಸಿದವನೇ ಹಾವಿನ ಲ್ವಾ ಆಗುವುದು ಹೇಗೆ? ಎರಡು ದಿನ ಇದೇ ತಲೆಯಲ್ಲಿ ಸುತ್ತುತ್ತಿತ್ತು.

ಬಿಡಿಸಿಕೊಂಡದ್ದು ಹೀಗೆ. ಸಂತನ ಕಥೆ ಮರೆತುಬಿಡಿ, ಹೆಸರನ್ನೂ ಮರೆತುಬಿಡಿ. ಚಿತ್ರದಲ್ಲಿ ಕಣ್ಣಿಗೆ ಏನು ಕಾಣುತ್ತದೆ, ಅಷ್ಟೇ ನೋಡಿ. ಪ್ಯಾಟ್ರಿಕ್‌ನ ಕಾಲ ಬಳಿ ಹಾವುಗಳಿವೆ. ಹಾವು ಕಂಡರೆ ದಾನ್‌ಬಾಲಾ, ಮುಗೀತು. ಸಂತ ಪೀಟರ್‌ನ ಕೈಯಲ್ಲಿ ಬೀಗದಕೈ. ಲೋಕಗಳ ನಡುವಿನ ಬಾಗಿಲು ತೆರೆಯುವವನು ಪಾಪಾ ಲೆಗ್ಬಾ, ಅದಕ್ಕೇ ಪೂಜೆಯಲ್ಲಿ ಮೊದಲ ಕರೆ ಅವನಿಗೆ. ಕುದುರೆ ಏರಿ ಕತ್ತಿ ಹಿಡಿದ ಸಂತ ಜೇಮ್ಸ್ ಎಂದರೆ ಕಬ್ಬಿಣದ, ಯುದ್ಧದ ಲ್ವಾ ಓಗೂ. ಕಪ್ಪು ಮೇರಿ, ತೋಳಲ್ಲಿ ಮಗು, ಕೆನ್ನೆಯ ಮೇಲೆ ಎರಡು ಗಾಯದ ಗೆರೆ: ಎಜಿಲಿ ದಾಂತೋರ್ ಎಂಬ ತಾಯಿ ಲ್ವಾ. ಆ ಮೂಲಚಿತ್ರ ಪೋಲೆಂಡಿನದು. ನೆಪೋಲಿಯನ್ ಕಳಿಸಿದ ಪೋಲಿಷ್ ಸೈನಿಕರು ತಂದರು ಅನ್ನುತ್ತಾರೆ. ನನಗೆ ಎಲ್ಲಕ್ಕಿಂತ ಇಷ್ಟವಾದ ಚಿತ್ರ ಇದೇ.

ಲ್ವಾಗಳಿಗೆ ಸಂತರ ಚಿತ್ರ ಯಾಕೆ ಅಂತ ಕೇಳಿದರೆ, ‘ಗುಲಾಮರು ಮಾಲೀಕರ ಕಣ್ಣು ತಪ್ಪಿಸಲು ಸಂತರನ್ನು ಮುಂದಿಟ್ಟರು’ ಅನ್ನುವ ಉತ್ತರ ಅರ್ಧ ಮಾತ್ರ ಸರಿ. ಗುಲಾಮರಿಗೆ ಕ್ಯಾಥೊಲಿಕ್ ದೀಕ್ಷೆ ಕಡ್ಡಾಯ ಅಂತ 1685ರ ಫ್ರೆಂಚ್ ಕಾನೂನು ಹೇಳಿದ್ದು ನಿಜ. ಆದರೆ ಆಫ್ರಿಕಾದ ಕಾಂಗೋ ರಾಜ ದೀಕ್ಷೆ ಪಡೆದದ್ದು 1491ರಲ್ಲಿ. ಅಲ್ಲಿಂದ ಸಾಗಿಸಿ ತಂದವರಲ್ಲಿ ಎಷ್ಟೋ ಜನಕ್ಕೆ ಸಂತರು ಮೊದಲೇ ಗೊತ್ತು. ಅವರ ಪಾಲಿಗೆ ಅದು ಬರೀ ಮುಖವಾಡ ಆಗಿರಲಿಲ್ಲ. ಉತ್ತರದಲ್ಲಿ ಎರಡೂ ಬರೆಯಿರಿ.

ವೆವೆ ಅಂದರೆ ಲ್ವಾದ ಗುರುತು. ಮೆಕ್ಕೆಜೋಳದ ಹಿಟ್ಟನ್ನು ಹೆಬ್ಬೆರಳು, ತೋರುಬೆರಳ ನಡುವೆ ಜಾರಿಸುತ್ತಾ ನೆಲದ ಮೇಲೆ ಬಿಡಿಸುತ್ತಾರೆ. ನಮ್ಮ ರಂಗೋಲಿಯ ಕೈಚಳಕವೇ. ಆಮೇಲೆ ಕುಣಿಯುವವರ ಕಾಲಡಿಯಲ್ಲಿ ಅದು ಅಳಿಸಿಹೋಗುತ್ತದೆ, ಯಾರೂ ಕಾಪಾಡುವುದಿಲ್ಲ.

ಇಸವಿಗಳು: 1791 ಆಗಸ್ಟ್, ಬ್ವಾ ಕಾಯ್‌ಮಾನ್ ಎಂಬಲ್ಲಿ ವೋಡೂ ಪೂಜೆ, ಅದರ ಬೆನ್ನಿಗೇ ಗುಲಾಮರ ದಂಗೆ. 1804 ಜನವರಿ 1, ಫ್ರಾನ್ಸಿನಿಂದ ಸ್ವಾತಂತ್ರ್ಯ. ಅದಕ್ಕೇ ಪ್ರತಿ ಹೊಸ ವರ್ಷ ಮನೆಮನೆಯಲ್ಲೂ ಕುಂಬಳಕಾಯಿಯ ಸೂಪು, ಸೂಪ್ ಜೂಮೂ. 2003ರಲ್ಲಿ ವೋಡೂಗೆ ಸರ್ಕಾರದ ಮನ್ನಣೆ.

ಜಾನಪದಕ್ಕೆ ಬಂದರೆ, ಕಥೆ ಹೇಳುವವರು ‘ಕ್ರಿಕ್?’ ಅಂದಾಗ ಕೇಳುವವರು ‘ಕ್ರಾಕ್!’ ಅನ್ನಬೇಕು, ಆಮೇಲೇ ಕಥೆ. ಒಗಟಿಗೆ ‘ಟಿಮ್ ಟಿಮ್?’ ಅಂದರೆ ‘ಬ್ವಾ ಶೆಶ್!’, ಒಣಕಟ್ಟಿಗೆ ಅಂತ ಅರ್ಥ. ಕ್ಲಾಸಿನಲ್ಲಿ ಸುಮ್ನೆ ಓದಬೇಡಿ, ಕೂಗಿ ಆಡಿ. ನಿಂತ ನೀರು? ಕಬ್ಬು. ಮಲಗಿದ ನೀರು? ಕಲ್ಲಂಗಡಿ. ನೇತಾಡುವ ನೀರು? ಇದಕ್ಕೆ ನೀವೇ ಹೇಳಿ, ನಮ್ಮ ತೋಟದಲ್ಲೂ ಇದೆ.