ಮಂಡಿ ಸವೆದಿದೆಯಂತೆ, ನಡೆಯೋದು ನಿಲ್ಲಿಸಬೇಕಾ?

ಪ್ರಶ್ನೆ: ಅಮ್ಮನಿಗೆ 58 ವರ್ಷ. ಎಕ್ಸ್‌ರೇ ನೋಡಿ ಮಂಡಿ ಸವೆದಿದೆ ಅಂದರು. ಜಾಸ್ತಿ ಸವೆಯಬಾರದು ಅಂತ ವಾಕಿಂಗ್ ಬಿಡಿಸಿದ್ದೇವೆ. ಸರಿ ತಾನೇ?

ಸರಿಯಲ್ಲ. ನಿಧಾನವಾಗಿ ಮತ್ತೆ ಶುರು ಮಾಡಿಸಿ. ಈ ಉತ್ತರವನ್ನು ಎಷ್ಟು ಸಲ ಬರೆದಿದ್ದೇನೋ ಲೆಕ್ಕವಿಲ್ಲ. ಆದರೂ ಯಾರದೋ ಅಮ್ಮ, ಯಾರದೋ ಅತ್ತೆ ಹೀಗೆ ಮೂಲೆ ಹಿಡಿದ ಸುದ್ದಿ ಬರುತ್ತಲೇ ಇರುತ್ತದೆ. ಬೇಸರವಾಗುತ್ತದೆ.

ತೊಂದರೆ ಇರುವುದು ‘ಸವೆದಿದೆ’ ಅನ್ನೋ ಮಾತಿನಲ್ಲೇ. ಅದು ಕಿವಿಗೆ ಬಿದ್ದ ಕೂಡಲೇ ನಮಗೆ ಬೈಕಿನ ಟೈರು ನೆನಪಾಗುತ್ತದೆ. ಓಡಿಸಿದಷ್ಟೂ ಸವೆಯುತ್ತದೆ, ನಿಲ್ಲಿಸಿದರೆ ಉಳಿಯುತ್ತದೆ ಅಂದುಕೊಳ್ಳುತ್ತೇವೆ. ಟೈರಿಗೆ ಜೀವ ಇಲ್ಲ, ಮಂಡಿಗೆ ಇದೆ. ಮೂಳೆಯ ತುದಿಯನ್ನು ಹೊದ್ದಿರುವ ಕಾರ್ಟಿಲೇಜ್‌ನಲ್ಲಿ ರಕ್ತನಾಳಗಳೇ ಇಲ್ಲ. ಕೀಲಿನೊಳಗಿನ ದ್ರವವೇ ಅದಕ್ಕೆ ಊಟ. ಕಾಲೂರಿದಾಗ ಅದು ಸ್ಪಂಜಿನ ಹಾಗೆ ಹಿಂಡಿಕೊಳ್ಳುತ್ತದೆ, ಕಾಲೆತ್ತಿದಾಗ ದ್ರವವನ್ನು ಹೀರಿಕೊಳ್ಳುತ್ತದೆ. ಅಂದರೆ ನಡೆದರೇನೇ ಅದಕ್ಕೆ ಊಟ. ನೀವು ಅಮ್ಮನ ಮಂಡಿಯನ್ನು ಉಳಿಸುತ್ತಿಲ್ಲ, ಉಪವಾಸ ಕೆಡವಿದ್ದೀರಿ.

ನಂಬಿಕೆ ಬರಲಿಲ್ವಾ? 2017ರಲ್ಲಿ ಸಂಶೋಧಕರು ಹಲವು ಅಧ್ಯಯನಗಳನ್ನು ಒಟ್ಟು ಸೇರಿಸಿ ನೋಡಿದರು. ಹವ್ಯಾಸಕ್ಕೆ ಓಡುವವರಲ್ಲಿ ಮಂಡಿ ಅಥವಾ ಸೊಂಟದ ಕೀಲಿನ ಸವೆತ ಇದ್ದದ್ದು ನೂರಕ್ಕೆ ಮೂರೂವರೆ ಜನಕ್ಕೆ. ಕೂತೇ ಇರುವವರಲ್ಲಿ ನೂರಕ್ಕೆ ಹತ್ತು.

ಇನ್ನು ಮಂಡಿಯೊಳಗಿನ ‘ಗ್ರೀಸ್ ಒಣಗಿದೆ’ ಅಂತ ಜನ ಹೇಳೋ ಮಾತು. ಕೀಲಿನ ಒಳಪೊರೆ ಆ ದ್ರವವನ್ನು ತಯಾರಿಸುತ್ತಲೇ ಇರುತ್ತದೆ. ನೋಯುವ ಮಂಡಿ ಊದಿಕೊಂಡಾಗ ಎಷ್ಟೋ ಸಲ ಒಳಗೆ ದ್ರವ ಜಾಸ್ತಿಯೇ ಆಗಿರುತ್ತದೆ. ಗ್ರೀಸ್ ಬರಲಿ ಅಂತ ದಿನಾ ಚಮಚಗಟ್ಟಲೆ ತುಪ್ಪ ತಿನ್ನಿಸಬೇಡಿ, ಏರುವುದು ಮೈತೂಕ. ಒಂದು ಕಿಲೋ ತೂಕ ಇಳಿದರೆ ಪ್ರತಿ ಹೆಜ್ಜೆಗೂ ಮಂಡಿಯ ಮೇಲಿನ ಭಾರ ಸುಮಾರು ನಾಲ್ಕು ಕಿಲೋ ಇಳಿಯುತ್ತದೆ.

ನಡಿಗೆ ಬಿಟ್ಟರೆ ತೊಡೆಯ ಸ್ನಾಯು ಬೇಗ ಸೊರಗುತ್ತದೆ. ಆಗ ಮಂಡಿಗೆ ಇನ್ನೂ ಕಷ್ಟ. ಕುರ್ಚಿಯಲ್ಲಿ ಕೂತು ಒಂದೊಂದೇ ಕಾಲನ್ನು ನೇರ ಚಾಚಿ ಐದು ಎಣಿಸಿ ಇಳಿಸಲಿ. ನಡೆಯುವಾಗ ಸ್ವಲ್ಪ ನೋವಾದರೆ ಹೆದರಬೇಡಿ. ಮರುದಿನವೂ ನೋವು ಜಾಸ್ತಿಯೇ ಇದ್ದರೆ ದೂರ ಕಡಿಮೆ ಮಾಡಿ. ಮಂಡಿ ಬಿಸಿಯಾಗಿ ಕೆಂಪಾಗಿದ್ದರೆ, ಜ್ವರ ಇದ್ದರೆ, ಬೆಳಿಗ್ಗೆ ಕೀಲುಗಳ ಬಿಗಿತ ಒಂದು ಗಂಟೆಗೂ ಮೀರಿ ಉಳಿದರೆ ಮಾತ್ರ ತಡಮಾಡದೆ ಡಾಕ್ಟರ ಹತ್ತಿರ ಹೋಗಿ, ಅದು ಬೇರೆ ಕಾಯಿಲೆ ಇರಬಹುದು.

ನೀವು ಕೇಳಲಿಲ್ಲ, ಆದರೂ ಹೇಳುತ್ತೇನೆ. ಇದು ನಿಮ್ಮೊಬ್ಬರ ಮನೆಯ ಕಥೆಯಲ್ಲ. ಭಾರತದಲ್ಲಿ ಕೀಲು ಸವೆತ ಇದ್ದವರು 1990ರಲ್ಲಿ ಸುಮಾರು 2.3 ಕೋಟಿ, 2019ರಲ್ಲಿ 6.2 ಕೋಟಿ. ಜನಸಂಖ್ಯೆ ಬೆಳೆದಿದೆ, ವಯಸ್ಸಾದವರೂ ಹೆಚ್ಚಿದ್ದಾರೆ, ನಿಜ. ಬೆನ್ನು ನೋವನ್ನಂತೂ ಕೇಳಲೇಬೇಡಿ. 2020ರಲ್ಲಿ ಪ್ರಪಂಚದಲ್ಲಿ 61.9 ಕೋಟಿ ಜನಕ್ಕೆ ಕೆಳಬೆನ್ನಿನ ನೋವಿತ್ತು. ನೋವಿನಲ್ಲಿ, ಊನದಲ್ಲಿ ಕಳೆದ ವರ್ಷಗಳನ್ನು ಎಣಿಸಿದರೆ ಎಲ್ಲ ಕಾಯಿಲೆಗಳಿಗಿಂತ ಅದೇ ಮುಂದೆ.

ಆದರೆ ನಾವು ಮೊದಲು ಎಣಿಸುವುದು ಸಾವನ್ನು. ಮಂಡಿ ನೋವಿನಿಂದ ಯಾರೂ ಸಾಯಲ್ಲ ಅಲ್ವಾ? 2010ರಲ್ಲಿ ಕೇಂದ್ರ ಸರ್ಕಾರ ಶುರು ಮಾಡಿದ ರಾಷ್ಟ್ರೀಯ ಕಾರ್ಯಕ್ರಮದ ಹೆಸರಿನಲ್ಲಿ ಕ್ಯಾನ್ಸರ್, ಸಕ್ಕರೆ ಕಾಯಿಲೆ, ಹೃದ್ರೋಗ, ಪಾರ್ಶ್ವವಾಯು ಇದ್ದವು. ಕೀಲು, ಬೆನ್ನು ಇರಲಿಲ್ಲ. 2017ರಲ್ಲಿ ಕೃತಕ ಮಂಡಿಯ ಬೆಲೆಗೆ ಮಿತಿ ಹಾಕಿದರು. ಹೆಚ್ಚು ಬಳಕೆಯಲ್ಲಿದ್ದ ಬಗೆ ತೆರಿಗೆ ಬಿಟ್ಟು 54,720 ರೂಪಾಯಿಗೆ ಇಳಿಯಿತು. ಒಳ್ಳೆಯ ಕೆಲಸವೇ. ಆದರೆ ಅದು ಆಪರೇಷನ್ ಟೇಬಲ್ ತಲುಪಿದವರಿಗೆ ಸಿಕ್ಕ ನೆರವು. ಆಪರೇಷನ್‌ಗೂ ಹತ್ತು ವರ್ಷ ಮೊದಲು, ಕೆಸರಿನಲ್ಲಿ ಬಗ್ಗಿ ನಾಟಿ ಹಾಕಲಾಗದೆ ಕೂಲಿ ಬಿಟ್ಟ ಹೆಂಗಸಿಗೆ, ತೊಡೆಯ ಸ್ನಾಯು ಗಟ್ಟಿ ಮಾಡಿಕೋ ತಾಯಿ ಅಂತ ಹೇಳಿಕೊಡುವವರು ಅವಳ ಊರಿನಲ್ಲಿ ಇರಬೇಕಿತ್ತು.