ವಾಸಾ ಪ್ರೀವಿಯಾ: ಡಾಪ್ಲರ್‌ನಲ್ಲಿ ಕಂಡ ನಾಳ ಯಾವುದು?

ಮಗುವಿನ ರಕ್ತನಾಳಗಳು ಮಾಸಿನ (ಪ್ಲಾಸೆಂಟಾ) ಆಸರೆಯಾಗಲಿ, ಹೊಕ್ಕುಳಬಳ್ಳಿಯಲ್ಲಿ ನಾಳಗಳನ್ನು ಸುತ್ತುವರಿದಿರುವ ಲೋಳೆಯಾದ ವಾರ್ಟನ್ ಜೆಲ್ಲಿಯ ರಕ್ಷಣೆಯಾಗಲಿ ಇಲ್ಲದೆ, ಪೊರೆಯಲ್ಲೇ ಹರಿಯುತ್ತ ಗರ್ಭಕಂಠದ ಒಳಬಾಯಿಯ ಮೇಲೆ ಅಥವಾ ಅದರ ಸಮೀಪದಲ್ಲಿ ಹಾದುಹೋಗುವ ಸ್ಥಿತಿಯೇ ವಾಸಾ ಪ್ರೀವಿಯಾ. ಬಳ್ಳಿಯು ಮಾಸಿಗೆ ಸೇರುವ ಮೊದಲೇ ಪೊರೆಯಲ್ಲಿ ಕವಲೊಡೆದಿದ್ದರೆ ಅದು ಮೊದಲ ಬಗೆ. ಮಾಸಿನ ಎರಡು ಹಾಲೆಗಳನ್ನು ಜೋಡಿಸುವ ನಾಳಗಳು ಒಳಬಾಯಿಯನ್ನು ದಾಟಿದ್ದರೆ ಎರಡನೆಯ ಬಗೆ. ಐವಿಎಫ್ (ಪ್ರನಾಳ ಶಿಶು) ಗರ್ಭ ಮತ್ತು ಅವಳಿ ಗರ್ಭಗಳಲ್ಲಿ ಇದರ ಸಾಧ್ಯತೆ ಹೆಚ್ಚು.

ನೀರುಚೀಲ ಒಡೆದೊಡನೆ ನೋವಿಲ್ಲದ ರಕ್ತಸ್ರಾವವಾಗಿ ಮಗುವಿನ ಎದೆಬಡಿತ ಕುಸಿಯುವುದು ಪಠ್ಯಪುಸ್ತಕಗಳು ಹೇಳುವ ಲಕ್ಷಣ. ಆದರೆ ಹರಿಯುತ್ತಿರುವುದು ಮಗುವಿನ ರಕ್ತ. 3 ಕಿಲೋ ತೂಕದ ಮಗುವಿನಲ್ಲಿ ಇರುವುದೇ ಸುಮಾರು 240ರಿಂದ 300 ಮಿಲಿ. ಆದ್ದರಿಂದ ಹೆರಿಗೆ ಕೋಣೆಯಲ್ಲಿ ಗುರುತಿಸಿದರೆ ಬಹಳ ತಡವಾಗಿರುತ್ತದೆ. 2004ರಲ್ಲಿ ಪ್ರಕಟವಾದ 155 ಪ್ರಕರಣಗಳ ಅಧ್ಯಯನದಲ್ಲಿ, ಮೊದಲೇ ಪತ್ತೆಯಾದಲ್ಲಿ ಶೇ. 97ರಷ್ಟು ಶಿಶುಗಳು ಉಳಿದರೆ, ಪತ್ತೆಯಾಗದಿದ್ದಲ್ಲಿ ಉಳಿದದ್ದು ಶೇ. 44 ಮಾತ್ರ. ಈ ಎರಡು ಅಂಕಿಗಳನ್ನು ಓದಿದ ಮೇಲೆಯೇ ಸ್ಕ್ಯಾನ್ ಭಾಗವನ್ನು ನಾನು ಮತ್ತೆ ಮೊದಲಿನಿಂದ ಕಲಿತೆ.

ನಾನು ಎಡವಿದ ಹೆಜ್ಜೆ ಇದು. ಯೋನಿಮಾರ್ಗದ ಸ್ಕ್ಯಾನ್‌ನಲ್ಲಿ ರಕ್ತದ ಹರಿವನ್ನು ಬಣ್ಣದಲ್ಲಿ ತೋರಿಸುವ ಕಲರ್ ಡಾಪ್ಲರ್ ಹಾಕಿದಾಗ ಒಳಬಾಯಿಯ ಮೇಲೆ ಬಣ್ಣದ ಗೆರೆ ಕಾಣಿಸಿತೆಂದು ಭಾವಿಸಿ. ಆ ಹರಿವಿನ ಬಡಿತವನ್ನು ತೋರಿಸುವ ಪಲ್ಸ್ ಡಾಪ್ಲರ್‌ನಲ್ಲಿ ಬಡಿತ ನಿಮಿಷಕ್ಕೆ 140 ಇದ್ದರೆ ಅದು ತಾಯಿಯ ನಾಳವಲ್ಲ, ಆದ್ದರಿಂದ ವಾಸಾ ಪ್ರೀವಿಯಾ ಎಂದು ನಾನು ತೀರ್ಮಾನಿಸುತ್ತಿದ್ದೆ. ಮೊದಲ ಅರ್ಧ ಸರಿ, ಎರಡನೆಯ ಅರ್ಧ ತಪ್ಪು. ಒಳಬಾಯಿಯ ಮುಂದೆ ಬಂದು ಬಿದ್ದಿರುವ ಹೊಕ್ಕುಳಬಳ್ಳಿಯ ಸುರುಳಿಯಲ್ಲೂ ಬಡಿಯುವುದು ಮಗುವಿನ ರಕ್ತವೇ, ಅಲ್ಲಿಯೂ 140 ಬರುತ್ತದೆ. ಬಡಿತದ ಲೆಕ್ಕವು ರಕ್ತ ಯಾರದೆಂದು ಹೇಳುತ್ತದೆಯೇ ಹೊರತು, ನಾಳವು ಪೊರೆಗೆ ಅಂಟಿದೆಯೇ ಎಂದು ಹೇಳುವುದಿಲ್ಲ. ಅದನ್ನು ತಿಳಿಯಲು ತಾಯಿಯನ್ನು ಮಗ್ಗುಲು ಬದಲಾಯಿಸಿ ಮಲಗಿಸಿ ಮತ್ತೆ ನೋಡಬೇಕು: ಬಳ್ಳಿಯ ಸುರುಳಿ ತೇಲಿ ಸರಿಯುತ್ತದೆ, ಪೊರೆಯೊಳಗಿನ ನಾಳ ಇದ್ದಲ್ಲೇ ಇರುತ್ತದೆ. ಸುರುಳಿಯು ಸರಿಯದೆ ಸಿಕ್ಕಿಕೊಂಡಿರುವುದೂ ಉಂಟಾದ್ದರಿಂದ, ಸಂದೇಹವಿದ್ದರೆ ಇನ್ನೊಂದು ದಿನ ಪರೀಕ್ಷಿಸಿ, ನಾಳವನ್ನು ಅದರ ಮೂಲದವರೆಗೂ ಹಿಂಬಾಲಿಸಬೇಕು. ಇನ್ನೊಂದು ಮಾತು: ಕಂಡದ್ದು ಅಭಿಧಮನಿಯಾದರೆ ಬಡಿತವೇ ಕಾಣದಿರಬಹುದು, ಬಡಿತವಿಲ್ಲವೆಂದು ಅದನ್ನು ಕೈಬಿಡಬಾರದು.

ಐದನೆಯ ತಿಂಗಳ ಸ್ಕ್ಯಾನ್‌ನಲ್ಲಿ ಮಾಸು ಕೆಳಗಿದ್ದು, ಆಮೇಲೆ "ಮೇಲೆ ಸರಿದಿದೆ" ಎಂಬ ವರದಿ ಬಂದಾಗಲೂ ನಿಶ್ಚಿಂತರಾಗುವಂತಿಲ್ಲ. ಒಳಬಾಯಿಯ ಬಳಿಯ ಮಾಸಿನ ಅಂಗಾಂಶ ಕ್ಷೀಣಿಸಿದರೂ, ಅದರೊಳಗಿದ್ದ ನಾಳಗಳು ಪೊರೆಯ ಮೇಲೆ ಹಾಗೆಯೇ ಉಳಿದಿರಬಹುದು. ಇಂಥವರಲ್ಲಿ 32 ವಾರಗಳ ಹೊತ್ತಿಗೆ ಯೋನಿಮಾರ್ಗದ ಡಾಪ್ಲರ್ ಮಾಡಿಸಲೇಬೇಕು ಎಂಬುದು ನನ್ನ ದೃಢ ಅಭಿಪ್ರಾಯ. ಬಳ್ಳಿಯು ಮಾಸಿಗೆ ಎಲ್ಲಿ ಸೇರಿದೆ ಎಂಬುದನ್ನು ಐದನೆಯ ತಿಂಗಳಲ್ಲೇ ಬರೆದಿಟ್ಟರೆ ಈ ಹುಡುಕಾಟ ಸುಲಭವಾಗುತ್ತದೆ.

ಕ್ಷಾರ ಬೆರೆಸಿದಾಗ ಮಗುವಿನ ರಕ್ತ ಗುಲಾಬಿಯಾಗಿಯೇ ಉಳಿದು ತಾಯಿಯದು ಕಂದುಬಣ್ಣಕ್ಕೆ ತಿರುಗುವ ಆಪ್ಟ್ ಪರೀಕ್ಷೆ ವೈದ್ಯಕೀಯ ಓದಿನ ಪರೀಕ್ಷೆಗಳಲ್ಲಿ ಕೇಳುವ ಪ್ರಶ್ನೆ. ಎದೆಬಡಿತ ಕುಸಿಯುತ್ತಿರುವಾಗ ಅದಕ್ಕಾಗಿ ಕಾಯದೆ ತಕ್ಷಣ ಸಿಸೇರಿಯನ್ ಮಾಡಬೇಕು. ಮೊದಲೇ ಖಚಿತವಾಗಿದ್ದರೆ, ಮಗುವಿನ ಶ್ವಾಸಕೋಶ ಬಲಿಯಲು ಸ್ಟಿರಾಯ್ಡ್ ಕೊಟ್ಟು, ನೋವು ಶುರುವಾಗುವ ಮುನ್ನ, ಸಾಮಾನ್ಯವಾಗಿ 34ರಿಂದ 37 ವಾರಗಳ ನಡುವೆ ಸಿಸೇರಿಯನ್ ನಡೆಸುತ್ತಾರೆ. ಗರ್ಭಕೋಶವನ್ನು ಕೊಯ್ಯುವಾಗಲೂ ಅದೇ ನಾಳ ತುಂಡಾಗಬಹುದಾದ್ದರಿಂದ, ನಾಳಗಳು ಹಾದುಹೋಗುವ ದಾರಿಯ ನಕ್ಷೆ ಶಸ್ತ್ರವೈದ್ಯರ ಕೈಯಲ್ಲಿ ಮೊದಲೇ ಇರಬೇಕು.